ಲ್ಯಾಪ್‌ಟಾಪಿಗೆ ಚುಚ್ಚಿದ ಊದಿನಕಡ್ಡಿ

ಬೆಳಕು ಬಂತು. ತಿಂಗಳಿಂದ ಕಪ್ಪಗೆ ಬಿದ್ದಿದ್ದ ನಮ್ಮ ಸೊಸೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ ನಿನ್ನೆ ಸಂಜೆ ನವಿಲು ಎದ್ದು ಕೂತಿತು. ಕತ್ತು, ಗರಿ, ಬಾಲದ ಕಣ್ಣು, ಎಲ್ಲ ಇದ್ದವು.

ಇದೂ ಒಂದು ಸುದ್ದಿಯಾ ಎನ್ನಬೇಡಿ. ಮೊಮ್ಮಗಳು ಹುಟ್ಟಿದಾಗ ಬೀದಿಗೆಲ್ಲ ಪೇಡೆ ಹಂಚಿದವನು ನಾನು. ನಿನ್ನೆ ಅದೇ ಅಂಗಡಿಗೆ ಹೋಗಿ ಮತ್ತೆ ತಂದೆ. ಎದುರುಮನೆಯವರು ಡಬ್ಬಿ ನೋಡಿ ಏನು ವಿಶೇಷ ಎಂದು ಕೇಳಿದರು. ಲ್ಯಾಪ್‌ಟಾಪಿಗೆ ಹುಷಾರಾಯಿತು ಎಂದೆ. ಪೇಡೆ ತಗೊಂಡರು. ಆದರೆ ನನಗೇ ಹುಷಾರಿಲ್ಲವೇನೋ ಅನ್ನುವ ಹಾಗೆ ನೋಡಿದರು.

ಖುಷಿ ಹೌದು. ಆದರೆ ಕಾಲು ಬಿದ್ದುಹೋಗಿವೆ. ಆ ಕರಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ದಾವಣಗೆರೆ, ಹರಿಹರ ಎರಡೂ ಅಲೆದಿದ್ದೇನೆ. ಇದನ್ನು ಬರೆಯುತ್ತಿರುವುದೂ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ. ಸಂತೋಷಕ್ಕೂ ಇಷ್ಟು ಸುಸ್ತಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಬಾರದಿತ್ತೇ?

ವಿಷಯ ಇಷ್ಟು. ಸೊಸೆ ಗಿರಿಜಾ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್ ಇಟ್ಟುಕೊಂಡಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸಿದರೆ ಮಷಿನ್ ಅದನ್ನು ಬ್ಲೌಸಿನ ಮೇಲೆ ದಾರದಲ್ಲಿ ಹೊಲಿಯುತ್ತದೆ. ನಿಜಲಿಂಗಪ್ಪ ಬಡಾವಣೆಯ ಸಿರಿವಂತರೂ ನಮ್ಮ ಗಲ್ಲಿಗೆ ಕಾರು ನುಗ್ಗಿಸಿಕೊಂಡು ಬರುತ್ತಾರೆ ಎಂದರೆ ಅವಳ ಕೈ ಹೇಗಿರಬೇಕು ನೋಡಿ.

ಮಷಿನ್ ಹಳೆಯದು, ಲ್ಯಾಪ್‌ಟಾಪ್ ಹಳೆಯದು, ಎರಡಕ್ಕೂ ಮಾತುಕತೆ ನಡೆಸುವ ಸಾಫ್ಟ್‌ವೇರ್ ಇನ್ನೂ ಹಳೆಯದು. ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ಅದು ಬಾಯೇ ಬಿಡುವುದಿಲ್ಲ. ಹಾಕಿಕೊಟ್ಟ ಕಂಪನಿಯನ್ನು ಕೇಳೋಣ ಎಂದರೆ ಅದು ಬಾಗಿಲು ಹಾಕಿಕೊಂಡು ಹೋಗಿದೆ. ಅಂದರೆ ಈ ಲ್ಯಾಪ್‌ಟಾಪ್ ಸತ್ತರೆ ಮಷಿನ್ ಕೂಡ ಸತ್ತ ಹಾಗೆ.

ಮೊದಲು ಪರದೆಯ ಮೇಲೆ ಗೆರೆಗಳು ಬಂದವು. ಆಮೇಲೆ ಬಣ್ಣ ಕಲಸಿಕೊಂಡವು. ಒಂದು ದಿನ ಕುಕ್ಕುವಾಡದ ಮದುವೆ ಆರ್ಡರಿನ ನಡುವೆಯೇ ಕತ್ತಲಾಯಿತು. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಚಿತ್ರ ಮಾತ್ರ ಇಲ್ಲ. ಮೊಮ್ಮಗಳು ಶ್ರಾವಣಿ ಮೊಬೈಲಿನಲ್ಲಿ ಹುಡುಕಿ ನೋಡಿ, ಗ್ರಾಫಿಕ್ಸ್ ಚಿಪ್ ಅಂತ ಒಂದಿರುತ್ತದೆ, ಚಿತ್ರ ತೋರಿಸುವ ಕೆಲಸ ಅದರದು, ಅದೇ ಹೋಗಿರಬೇಕು ಎಂದಳು. (ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟು ಸಾಕು.)

ಊರಿನ ಅಂಗಡಿಗಳಿಗೆ ಹೋದೆ. ಎಲ್ಲ ಕಡೆ ಒಂದೇ ಮಂತ್ರ. ಹಳೇದಾಯ್ತು, ಬಿಸಾಕ್ರಿ, ಹೊಸದು ತಗೊಳ್ರಿ. ಒಬ್ಬ ಬ್ಯಾಗಿನ ಜಿಪ್ಪು ಕೂಡ ತೆಗೆಸಲಿಲ್ಲ. ಈಗೀಗ ರಿಪೇರಿ ಅಂಗಡಿಯ ಬೋರ್ಡಿನ ಕೆಳಗೇ ರಿಪೇರಿಯವರು ಸಿಗುವುದಿಲ್ಲ, ನೀವೂ ಗಮನಿಸಿದ್ದೀರಾ? ಮಿಕ್ಸಿಗೂ ಇದೇ ಮಾತು, ವಾಚಿಗೂ ಇದೇ ಮಾತು.

ಇನ್ನೊಬ್ಬ ಪುಣ್ಯಾತ್ಮ ಚಿಪ್ಪಿಗೆ ಬಿಸಿಗಾಳಿ ಊದಿಕೊಟ್ಟ. ಬೆಳಕು ಬಂತು. ಗಿರಿಜಾ ಹಗಲೂ ರಾತ್ರಿ ಕೂತು ಅರ್ಧ ಆರ್ಡರ್ ಮುಗಿಸಿದಳು. ವಾರದೊಳಗೆ ಮತ್ತೆ ಕತ್ತಲು. ಮೊದಲ ಸಲಕ್ಕಿಂತ ಎರಡನೇ ಸಲದ ಕತ್ತಲು ಹೆಚ್ಚು ಕಪ್ಪು. ಅವಳು ಮಷಿನ್ ಮೇಲೆ ಹಳೆ ಸೀರೆ ಹೊದಿಸಿ ಅಡುಗೆಮನೆಗೆ ಹೋದಳು.

ಮಗ ಮಂಜ ಕೆಟ್ಟವನಲ್ಲ, ಅವಸರದವನು. ಎಸ್.ಎಸ್. ಬಡಾವಣೆಯಲ್ಲಿ ಇಂಥದ್ದೇ ಮಷಿನ್ ಇಟ್ಟುಕೊಂಡ ಒಬ್ಬರನ್ನು ಹುಡುಕಿ, ನಮ್ಮದನ್ನು ಬಿಡಿಭಾಗಕ್ಕೆ ಕೊಡುವುದಾಗಿ ಮಾತಾಡಿಬಿಟ್ಟ. ಸೋಮವಾರ ಅವರು ಟೆಂಪೋ ತರುವುದಿತ್ತು. ಗಿರಿಜಾ ಮೊದಲು ಹೋಗುತ್ತಿದ್ದ ಗಾರ್ಮೆಂಟ್ಸಿಗೇ ಮತ್ತೆ ಹೋದರಾಯಿತು ಎಂದು ಅವನ ಲೆಕ್ಕ. ಬೆಳಗಿನಿಂದ ಸಂಜೆವರೆಗೆ ನಿಂತು, ಕಾಲು ಊದಿಸಿಕೊಂಡು, ಸೂಪರ್‌ವೈಸರ್ ಕೈಲಿ ಬೈಸಿಕೊಂಡು ಬರುತ್ತಿದ್ದಳಲ್ಲ, ಅದೇ ಗಾರ್ಮೆಂಟ್ಸು.

ನಾನು ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತಿದವನು. ಮಿಲ್ ಮುಚ್ಚಿದಾಗ ಮಷಿನ್ನುಗಳು ಲಾರಿ ಹತ್ತಿ ಹೋಗುವುದನ್ನು ಗೇಟಿನ ಹೊರಗೆ ನಿಂತು ನೋಡಿದ್ದೇನೆ. ನಮ್ಮ ಮನೆಯ ಬಾಗಿಲಲ್ಲೂ ಅದನ್ನು ನೋಡಬೇಕಾ?

ದಾರದ ಅಂಗಡಿಯವರು ಹರಿಹರದ ಸಾದಿಕ್ ಹೆಸರು ಹೇಳಿದರು. ಬಸ್ಟ್ಯಾಂಡಿನ ಹಿಂದೆ, ಮಹಡಿ ಮೇಲೆ. (ರಿಪೇರಿಯವರು ಯಾಕೆ ಯಾವಾಗಲೂ ಮಹಡಿ ಮೇಲೇ ಇರುತ್ತಾರೆ? ಮಂಡಿನೋವಿನವರ ಮನೆಯಲ್ಲಿ ಏನೂ ಕೆಡುವುದಿಲ್ಲವೇ?) ಮೊದಲ ದಿನ ಅವರು ಮದುವೆಗೆ ಹೋಗಿದ್ದರು. ಎರಡನೇ ದಿನ ಕರೆಂಟಿಲ್ಲ. ನಿನ್ನೆ, ಅಂದರೆ ಶನಿವಾರ, ಇದ್ದರು.

ಲ್ಯಾಪ್‌ಟಾಪಿನ ತಳ ಬಿಚ್ಚಿದರು. ಬಿಚ್ಚಿದವರು ಬಗ್ಗಿ ನೋಡಿದರು. ಒಳಗೆ ಬೂದಿ. ಫ್ಯಾನಿನ ರೆಕ್ಕೆಗೆ ಬೂದಿ, ಸಂದಿಗೆ ಬೂದಿ, ಮೂಲೆಯಲ್ಲಿ ಮುರಿದ ಕಡ್ಡಿಗಳು ಮೂರ್ನಾಲ್ಕು. ಬಿಸಿಗಾಳಿಯವನು ಇದನ್ನು ಕಂಡೂ ಹಾಗೇ ಮುಚ್ಚಿ ಕೊಟ್ಟಿದ್ದನೇನೋ.

"ಯಜಮಾನ್ರೆ, ಇದರಾಗೆ ಏನ್ ಸುಟ್ಟೀರಿ?"

ಹೇಳಲೇಬೇಕಾಯಿತು. ಅಮಾವಾಸ್ಯೆಗೊಮ್ಮೆ ನಮ್ಮ ಮನೆಯಲ್ಲಿ ಮಷಿನ್ ಪೂಜೆ. ನನ್ನ ಹೆಂಡತಿ ಬಸಮ್ಮ ಮಷಿನ್ನಿಗೆ ವಿಭೂತಿ ಬಳಿದು, ಹೂವು ಇಟ್ಟು, ಲ್ಯಾಪ್‌ಟಾಪಿಗೂ ಅಷ್ಟೇ ಭಕ್ತಿಯಿಂದ ಮಾಡುತ್ತಾಳೆ. ಅದರ ಪಕ್ಕದಲ್ಲಿ ಸಾಲಾಗಿ ತೂತುಗಳಿವೆಯಲ್ಲ, ಊದಿನಕಡ್ಡಿ ಅಲ್ಲಿ ಸರಿಯಾಗಿ ಕೂರುತ್ತದೆ. ಕಂಪನಿಯವರು ಅದಕ್ಕಾಗಿಯೇ ಬಿಟ್ಟಿದ್ದಾರೆ ಎಂಬುದು ಅವಳ ನಂಬಿಕೆ. ಬಿಸಿಗಾಳಿ ಹೊರಗೆ ಹೋಗುವ ದಾರಿ ಅದು ಎಂದು ಯಾರಿಗೆ ಗೊತ್ತಿತ್ತು? ದಾರಿ ಕಟ್ಟಿತು, ಕಾವು ಒಳಗೇ ಉಳಿಯಿತು, ಚಿಪ್ಪು ಬೆಂದುಹೋಯಿತು.

ಸಾದಿಕ್ ನಗಲಿಲ್ಲ. ಬ್ರಷ್ಷು ತಗೊಂಡು ಬೂದಿಯನ್ನು ಕಾಗದದ ಮೇಲೆ ಕೂಡಿಸಿ, ಪೂಜೆಯದು, ಎಲ್ಲೆಂದರಲ್ಲಿ ಚೆಲ್ಲುವುದು ಬೇಡ ಎಂದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟರು. ಪೂಜೆ ನಿಲ್ಲಿಸಬೇಕಾಗಿಲ್ಲ, ಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚಲು ಹೇಳಿ ಎಂದರು.

ಆಮೇಲೆ ವಿಷಯಕ್ಕೆ ಬಂದರು. ಈ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸುವವರು ಇಬ್ಬರಂತೆ. ಬೇರೆಯಾಗಿ ಕೂತಿರುವ ದೊಡ್ಡ ಚಿಪ್ಪು ಒಂದು, ಮುಖ್ಯ ಚಿಪ್ಪಿನ ಒಳಗೇ ಇರುವ ಸಣ್ಣದು ಇನ್ನೊಂದು. ದೊಡ್ಡದು ಸತ್ತಿದೆ. ಬಿಸಿಗಾಳಿ ಊದಿದರೆ ನಾಲ್ಕು ದಿನ ಎದ್ದು ಮತ್ತೆ ಮಲಗುತ್ತದೆ. ಅದಕ್ಕೆ ಹೋಗುವ ಕರೆಂಟನ್ನೇ ಪೂರ್ತಿ ಕಡಿದು, ಸಣ್ಣದರ ಕೈಲೇ ಕೆಲಸ ಮಾಡಿಸಬೇಕು. ಗೇಮ್ ನಡೆಯುವುದಿಲ್ಲ. ಬ್ಲೌಸಿನ ನವಿಲಿಗೆ ಧಾರಾಳ ಸಾಕು.

"ಆದ್ರೆ ಒಂದ್ ಮಾತು. ಕಡಿಯೋವಾಗ ಹೆಚ್ಚುಕಮ್ಮಿ ಆದ್ರೆ ಬೋರ್ಡೇ ಹೋಗ್ತೈತೆ. ಆಮ್ಯಾಲೆ ಯಾರ್ ಕೈಲೂ ಆಗಲ್ಲ. ಮನೇಲಿ ಕೇಳಿ ಹೇಳ್ರಿ."

ವಸ್ತು ನನ್ನದಲ್ಲ. ಗಿರಿಜಾಳಿಗೆ ಫೋನ್ ಮಾಡಿ ಇದ್ದದ್ದನ್ನೆಲ್ಲ ಹೇಳಿದೆ. ಆ ಕಡೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಅವಳು ಒಲೆ ಆರಿಸಿ ಬಂದಳು.

"ಮಾವ, ಈಗ ಹೆಂಗೈತೆ ಅದು?"

"ಸತ್ತೈತೆ."

"ಮತ್ತೆ ಇನ್ನೇನ್ ಸಾಯ್ತೈತೆ? ಮಾಡ್ಸ್ರಿ."

ಮಧ್ಯಾಹ್ನವೆಲ್ಲ ಸ್ಟೂಲಿನ ಮೇಲೆ ಕೂತಿದ್ದೆ. ಸಾದಿಕ್ ಕನ್ನಡಕದ ಮೇಲೊಂದು ಭೂತಗನ್ನಡಿ ಏರಿಸಿಕೊಂಡು, ಸಾಸಿವೆಗಿಂತ ಸಣ್ಣ ಚೂರುಗಳನ್ನು ಚಿಮಟದಲ್ಲಿ ಎತ್ತುತ್ತಿದ್ದರು. ನಡುವೆ ಒಮ್ಮೆ ಉಸಿರು ಬಿಗಿಹಿಡಿದರು. ನಾನೂ ಹಿಡಿದೆ. ಅವರು ಬಿಟ್ಟರು, ನನಗೆ ಬಿಡುವುದು ಮರೆತುಹೋಗಿ ಕೆಮ್ಮು ಬಂತು.

ನಾಲ್ಕರ ಹೊತ್ತಿಗೆ ಪರದೆ ಬೆಳಗಿತು. ನಾನು ನಂಬಲಿಲ್ಲ. ಬಿಸಿಗಾಳಿಯವನ ಅಂಗಡಿಯಲ್ಲೂ ಬೆಳಗಿತ್ತಲ್ಲ. ಸಾದಿಕ್ ಅದನ್ನು ಎರಡು ತಾಸು ಹಾಗೇ ಓಡಿಸಿ, ತಳ ಮುಟ್ಟಿ ನೋಡಿ ಎಂದರು. ಮುಟ್ಟಿದೆ. ಮಗುವಿನ ಹಣೆಯ ಹಾಗೆ ತಣ್ಣಗಿತ್ತು. ಗ್ಯಾರಂಟಿ ಕೊಡಲಿಲ್ಲ. ಕೊಟ್ಟಿದ್ದರೆ ನಾನೂ ನಂಬುತ್ತಿರಲಿಲ್ಲ ಬಿಡಿ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ದಾವಣಗೆರೆವರೆಗೆ ನಿಂತೇ ಬಂದೆ.

ಮನೆಯಲ್ಲಿ ಎಲ್ಲರೂ ಮುಂದಿನ ಕೋಣೆಯಲ್ಲೇ ಇದ್ದರು. ಗಿರಿಜಾ ಸೀರೆ ಸರಿಸಿ ವೈರು ಜೋಡಿಸಿದಳು. ಪರದೆಯ ಮೇಲೆ ನವಿಲು ಬಂತು. ಗುಂಡಿ ಒತ್ತಿದಳು. ಮಷಿನ್ ಒಂದು ಕ್ಷಣ ಯೋಚಿಸಿತು, ಆಮೇಲೆ ಟಕಟಕ ಶುರುಮಾಡಿತು. ನವಿಲಿನ ಕತ್ತು ನೀಲಿ ದಾರದಲ್ಲಿ ಅರ್ಧ ಆಗುವವರೆಗೆ ಎಲ್ಲರೂ ಸೂಜಿಯನ್ನೇ ನೋಡುತ್ತಿದ್ದೆವು. ಬಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಂಜ ಹೊರಗೆ ಹೋಗಿ ಫೋನಿನಲ್ಲಿ, ಟೆಂಪೋ ತರುವುದು ಬೇಡ, ಮಷಿನ್ ಕೊಡುವುದಿಲ್ಲ ಎಂದು ಹೇಳಿ ಬಂದ. ಧ್ವನಿ ತಗ್ಗಿಸಿಯೇ ಹೇಳಿದ. ಆದರೂ ನಮಗೆಲ್ಲ ಕೇಳಿಸಿತು.

ಪೇಡೆ ಹಂಚಿ ಬರುವಷ್ಟರಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಸಿದ್ಧವಾಗಿದ್ದವು. ಎಲ್ಲರೂ ಸುತ್ತ ಕೂತೆವು. ಯಾವತ್ತೂ ಬಡಿಸಿ ಕೊನೆಗೆ ಉಣ್ಣುವ ಗಿರಿಜಾ ನಿನ್ನೆ ನಮ್ಮ ಜೊತೆಗೇ ತಟ್ಟೆ ಹಾಕಿಕೊಂಡಳು. ಶ್ರಾವಣಿ ನನ್ನ ತಟ್ಟೆಗೆ ತುಪ್ಪ ಸುರಿದಳು. ನನಗೆ ರೊಟ್ಟಿ ಮುರಿಯಲೂ ತ್ರಾಣ ಇರಲಿಲ್ಲ, ಆದರೂ ಎರಡು ಹೆಚ್ಚಿಗೇ ಉಂಡೆ.

ಉಣ್ಣುತ್ತಾ ಗಿರಿಜಾ ಗಂಡನಿಗೆ ಹೇಳಿದಳು: "ಕುಕ್ಕುವಾಡದವ್ರ ಆರ್ಡರ್ ಬಾಕಿ ಐತೆ. ಬೆಳಗ್ಗೆ ಎದ್ದೇಟಿಗೆ ನಾ ಮಷಿನ್ ಮುಂದೆ ಕೂಡ್ತೀನಿ. ಉಪ್ಪಿಟ್ಟು ನೀವು ಮಾಡ್ರಿ."

ಮಂಜ ಹೂಂ ಎಂದ. ತುತ್ತು ನುಂಗಿ, ರವೆ ಡಬ್ಬಿ ಎಲ್ಲೈತೆ ಎಂದು ನನ್ನ ಮುಖ ನೋಡಿದ.

ನಾನು ಯಾರ ಮುಖ ನೋಡಲಿ?