ಏಳನೆಯ ಬಾಯಿ

ನಮ್ಮಣ್ಣ ನಾಟಕ ಕಂಪನಿಯೊಂದರಲ್ಲಿ ನಲವತ್ತು ವರ್ಷ ಕ್ಲಾರಿನೆಟ್ ನುಡಿಸಿದ. ಊರಿಗೆಲ್ಲ ಅವನು ಪೀಪಿ ಮಾಸ್ತರ. ಅವನು ಮಾಡಿದ ದೊಡ್ಡ ಕೆಲಸ ಯಾವುದು ಎಂದು ನನ್ನನ್ನು ಕೇಳಿದರೆ, ಹದಿನಾರನೆಯ ವಯಸ್ಸಿನಲ್ಲಿ ಪತ್ರಿಕೆಯ ಚೂರುಗಳಿಂದ ಅಮ್ಮನನ್ನು ಮಾಡಿದ್ದು ಎನ್ನುತ್ತೇನೆ.

ಅಮ್ಮ ತೀರಿಕೊಂಡಾಗ ನನಗೆ ಎರಡು ವರ್ಷ. ಅವಳದೊಂದು ಫೋಟೋ ಕೂಡ ಇರಲಿಲ್ಲ. ನಮ್ಮನ್ನು ಸಾಕಿದ ಚಿಕ್ಕಮ್ಮ ಬಟ್ಟೆ ಹೊಲಿಯುತ್ತಿದ್ದಳು. ಗಿರಾಕಿಗಳು ಕುಪ್ಪಸದ ಮಾದರಿ ತೋರಿಸಲು ತಂದು ಬಿಟ್ಟುಹೋದ ವಾರಪತ್ರಿಕೆಗಳು ಮೆಷಿನ್ನಿನ ಪಕ್ಕದಲ್ಲಿ ರಾಶಿ ಬಿದ್ದಿರುತ್ತಿದ್ದವು. ಅಣ್ಣ ಅವುಗಳನ್ನು ಕತ್ತರಿಸಿ ಬೂಟು ಹಾಕಿದ ಹಸು, ರೆಕ್ಕೆ ಬಂದ ಮಂತ್ರಿ ಎಂದು ಏನೇನೋ ಅಂಟಿಸುತ್ತಿದ್ದ. ಆಮೇಲೆ ಅಮ್ಮನ ಮುಖಕ್ಕೆ ಕೈಹಾಕಿದ. ಸೋಪಿನ ಜಾಹೀರಾತಿನಿಂದ ಹಣೆ, ಟಾನಿಕ್ಕಿನದರಿಂದ ಕಣ್ಣು, ಯಾರೋ ಓಟಗಾರ್ತಿಯ ಮೂಗು.

"ಬಟ್ಟೆ ಕತ್ತರೀಲಿ ಪೇಪರ್ ಕತ್ತರಿಸ್ಬೇಡ ಕಣೋ, ಮೊಂಡಾಗುತ್ತೆ!" ಎಂದು ಬೈಯುತ್ತಲೇ ಚಿಕ್ಕಮ್ಮ ತನ್ನ ಅಕ್ಕನನ್ನು ನೆನೆಸಿಕೊಂಡು ಒಂದೊಂದಕ್ಕೂ ತೀರ್ಪು ಕೊಡುತ್ತಿದ್ದಳು. ಹಣೆ, ಕಣ್ಣು, ಮೂಗು ಪಾಸಾದವು. ಬಾಯಿಗೆ ಮಾತ್ರ ಆರು ಸಲ "ಇದಲ್ಲ" ಎಂದಳು. ಅಣ್ಣ ಹಟಮಾರಿ. ಮೈದಾ ಅಂಟು ಕಾಸಿ ಒಂದರ ಮೇಲೊಂದು ಹಚ್ಚುತ್ತಲೇ ಹೋದ. ಏಳನೆಯ ಬಾಯಿಗೆ ಅವಳು "ಹೂಂ" ಅಂದಳಂತೆ.

ತುಸು ತೆರೆದ ಬಾಯಿ ಅದು, ಇನ್ನೇನು ನನ್ನನ್ನು ಕರೆಯುತ್ತದೆ ಎನ್ನುವ ಹಾಗೆ. ಶಾಲೆಯ ಚಾಡಿಯಿಂದ ಹಿಡಿದು ಮದುವೆಯ ಹಿಂದಿನ ದಿನದ ಹೆದರಿಕೆಯವರೆಗೆ ಎಲ್ಲವನ್ನೂ ನಾನು ಅದಕ್ಕೇ ಹೇಳಿಕೊಂಡೆ. "ಫ್ರೇಮ್ ಹಾಕಿಸೇ" ಎಂದು ಅಣ್ಣ ಹೇಳಿದಾಗಲೆಲ್ಲ "ಹಾಕಿಸೋಣ ಬಿಡಣ್ಣ, ಏನವಸರ" ಎನ್ನುತ್ತಿದ್ದೆ. ಮಹಾ ಜಾಣೆ ನಾನು! ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನ ತಳದಲ್ಲಿ ಭದ್ರವಾಗಿಟ್ಟೆ.

ಕಳೆದ ತಿಂಗಳು ಕೈನಡುಕ ಹೆಚ್ಚಾಗಿ ಅಣ್ಣ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿದ. "ಇನ್ನು ಅಮ್ಮನ್ನಾದ್ರೂ ನೋಡ್ಕೊಂಡು ಕೂತಿರ್ತೀನಿ, ತಗೊಂಡ್ ಬಾ" ಎಂದ. ಬಿಚ್ಚಿದೆ. ಹುಳ ಹೊಡೆದಿತ್ತು. ಹಣೆ, ಕಣ್ಣುಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಏಳು ಪದರ ಮೈದಾ ಇದ್ದ ಬಾಯಿಯ ಜಾಗದಲ್ಲಿ ಮಾತ್ರ ಹೆಬ್ಬೆರಳು ತೂರುವಷ್ಟು ತೂತು.

ಚಿಕ್ಕಮ್ಮ ಹೋಗಿ ಒಂಬತ್ತು ವರ್ಷವಾಯಿತು. ಆದರೂ ನಾನು ಪತ್ರಿಕೆ ತಂದೆ, ಅವಳದೇ ಕತ್ತರಿಯಿಂದ ಬಾಯಿಗಳನ್ನು ಕತ್ತರಿಸಿದೆ. ಅಣ್ಣನ ಕೈಗೆ ಕತ್ತರಿ ಹಿಡಿಯಲು ಆಗಲಿಲ್ಲ. ನಾನು ಒಂದೊಂದನ್ನೇ ತೂತಿನ ಮೇಲಿಟ್ಟು ಅವನ ಮುಖ ನೋಡಿದೆ. ಅವನು ಪ್ರತಿ ಸಲವೂ ಅಲ್ಲವೆಂದು ತಲೆಯಾಡಿಸಿದ. ಮೂವತ್ತಾಯಿತು. ನನಗೆ ರೇಗಿತು.

"ಹೇಗಿತ್ತು ಅಂತಾದ್ರೂ ಹೇಳಣ್ಣ! ನೀನು ಅಮ್ಮನ್ನ ನೋಡಿದ್ದೀಯಲ್ಲ!"

"ನಂಗೂ ಈ ಕಾಗದದ್ದೇ ನೆನಪು ಕಣೇ," ಎಂದ. "ಇನ್ನೊಂದು ಮಾತು. ಆವತ್ತು ಚಿಕ್ಕಮ್ಮ ಹೂಂ ಅನ್ಲಿಲ್ಲ. 'ಸಾಕು ಮಾರಾಯ, ಕತ್ತರಿ ಹಾಳಾಯ್ತು, ಇದೇ ಇರ್ಲಿ' ಅಂದ್ಲು. ನೀನಿನ್ನೂ ಪುಟ್ಟ ಹುಡುಗಿ, ಪಕ್ಕದಲ್ಲೇ ಕಣ್ ಬಿಟ್ಕೊಂಡು ನಿಂತಿದ್ದೆ. ಅಮ್ಮ ಹೀಗೇ ಇದ್ಲಾ ಅಂತ ಕೇಳ್ದೆ. ನಾನು ಹೌದು ಅಂದ್ಬಿಟ್ಟೆ."

ಮೇಜಿನ ತುಂಬ ಮೂವತ್ತು ಬಾಯಿಗಳು ಬಿದ್ದಿದ್ದವು. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ ನನಗೆ. ಅದು ಅಮ್ಮನದಲ್ಲವೆಂದು ಗೊತ್ತಾದ ಮೇಲೂ ನನಗೆ ಆ ಏಳನೆಯ ಬಾಯಿಯೇ ಬೇಕಾಗಿತ್ತು.