ಸೈನ್ಯಕ್ಕೆ ಸಾಲದ ಮಕ್ಕಳಿಗೆ ಕೆಜಿಯಾಳ ಗಂಜಿ

ಇಂಗ್ಲೆಂಡಿನ ಆಕನ್‌ಶಾ ಪಟ್ಟಣದ ಉಣ್ಣೆ ಗಿರಣಿಗಳಿಗೆ ಇನ್ನೂ ಬೆಳಗಾಗಿಲ್ಲ. ಶಾಲೆಯ ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಜಿಯಾ ಬೂತ್‌ರಾಯ್ಡ್ ಆಗಲೇ ಒಲೆಯ ಮುಂದೆ ನಿಂತಿದ್ದಾಳೆ. ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲಿ ಓಟ್ಸ್ ಗಂಜಿ ಕೊತಕೊತ ಬೇಯುತ್ತಿದೆ. "ಕೈ ಬಿಟ್ರೆ ತಳ ಹಿಡಿಯತ್ತೆ. ಮಾತಾಡೋದಿದ್ರೆ ಇಲ್ಲೇ ನಿಂತು ಮಾತಾಡು ಮಾರಾಯ," ಎಂದು ಬಂದವರನ್ನು ಗದರುತ್ತಾಳೆ.

ಕೆಜಿಯಾ ಈ ಶಾಲೆಯ ಕಸ ಗುಡಿಸುವವಳು. ಗಂಜಿ ಬೇಯಿಸು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳು ತಲೆಸುತ್ತಿ ಬೀಳುವುದನ್ನು ನೋಡಲಾಗದೆ, ಗಂಡ ಸತ್ತ ವರ್ಷ ತಾನೇ ಶುರುಮಾಡಿದಳು. ಮಧ್ಯಾಹ್ನದ ಸಾರಿಗೆ ಕಟುಕರ ಅಂಗಡಿಯ ಮೂಳೆ, ಗಂಜಿಗೆ ಪ್ರಾರ್ಥನಾ ಮಂದಿರದವರು ಕೊಡುವ ಒಂದಿಷ್ಟು ಓಟ್ಸ್, ಉಳಿದದ್ದಕ್ಕೆ ಅವಳ ಬಾಯಿ. ಆ ಬಾಯಿಗೆ ಊರಿನ ದಿನಸಿ ಅಂಗಡಿಯವರೆಲ್ಲ ಹೆದರುತ್ತಾರೆ.

ಶಾಲೆಯಲ್ಲೊಂದು ಅಡುಗೆಮನೆ ಕಟ್ಟಿಸಿ ಎಂದು ಅವಳು ಪುರಸಭೆಯ ಮೆಟ್ಟಿಲು ಹತ್ತಿದಾಗ ದಕ್ಷಿಣ ಆಫ್ರಿಕದಲ್ಲಿ ಬೋಯರರೆಂಬ ಡಚ್ ಮೂಲದ ರೈತರ ಮೇಲೆ ಬ್ರಿಟನ್ನಿನ ಯುದ್ಧ ನಡೆಯುತ್ತಿತ್ತು. ಖಜಾನೆಯೆಲ್ಲ ಅಲ್ಲಿಗೇ ಸುರಿದುಹೋಗುತ್ತಿತ್ತು. ಮುದುಕರ ಪಿಂಚಣಿ ಇರಲಿ, ಮಕ್ಕಳ ಊಟ ಇರಲಿ, ಎಲ್ಲಕ್ಕೂ ಒಂದೇ ಉತ್ತರ. "ಯುದ್ಧ ಮುಗೀಲಿ ಅಂದ್ರು. ನಾನಂದೆ, ಹಸಿವಿಗೂ ಹಂಗೇ ಹೇಳಿ ಸ್ವಾಮಿ, ಕಾಯತ್ತೇನೋ ನೋಡೋಣ."

ಕೊನೆಗೆ ಬಾಗಿಲು ತೆರೆಸಿದ್ದೂ ಅದೇ ಯುದ್ಧ. ಸೈನ್ಯ ಸೇರಲು ಹೋದ ಗಿರಣಿ ಹುಡುಗರನ್ನು ಎದೆ ಸಾಲದು, ಹಲ್ಲಿಲ್ಲ, ಕಾಲು ಸೊಟ್ಟ ಎಂದು ಹಿಂಡುಹಿಂಡಾಗಿ ವಾಪಸು ಕಳಿಸಿದ್ದರು. ಕೆಜಿಯಾಳ ಮಗ ವಿಲ್ಫ್ರೆಡ್ ಕೂಡ ಹಾಗೆ ಬಂದವನೇ. ಅವನು ಅವಮಾನದಿಂದ ಅತ್ತ. ಅವಳು ಒಳಗೆ ಹೋಗಿ ಮೊಣಕಾಲೂರಿ, ಮಗ ಉಳಿದನೆಂದು ದೇವರನ್ನು ನೆನೆದಳು. ಪಕ್ಕದ ಮನೆಯ ಸೆಲೀನಾಳ ಹಿರಿಮಗನ ಎದೆ ಅಗಲವಾಗಿತ್ತು, ಅವನು ಹೋದವನು ಮರಳಲಿಲ್ಲ. ಸಾಮ್ರಾಜ್ಯ ಕಾಯಲು ಗಟ್ಟಿ ಆಳು ಸಿಗುತ್ತಿಲ್ಲ ಎಂದಾದ ಮೇಲೆ ಪಾರ್ಲಿಮೆಂಟಿಗೂ ಮಕ್ಕಳ ಹೊಟ್ಟೆಯ ನೆನಪಾಯಿತು, ಪುರಸಭೆಗಳು ಶಾಲೆಯಲ್ಲಿ ಊಟ ಹಾಕಬಹುದೆಂದು ಕಾನೂನು ಬಂತು.

ಹೋದ ಚಳಿಗಾಲ, ಇಲ್ಲಿ ಅಡುಗೆಮನೆ ಬೇಕೋ ಬೇಡವೋ ನೋಡಲು ಒಬ್ಬ ಡಾಕ್ಟರು, ಇಬ್ಬರು ಪುರಸಭಾ ಸದಸ್ಯರು ಬರುವ ಸುದ್ದಿ ಬಂತು. ಆಗ ಕೆಜಿಯಾಳ ಓಣಿ ಮಾಡಿಕೊಂಡ ಯಡವಟ್ಟನ್ನು ಈ ಜನ ಮಾತ್ರ ಮಾಡಬಲ್ಲರು. ದೊಡ್ಡವರ ಮುಂದೆ ಬಡತನ ತೋರಿಸುವುದುಂಟೆ? ತಾಯಂದಿರು ಗಿರವಿ ಅಂಗಡಿಯಿಂದ ಭಾನುವಾರದ ಬಟ್ಟೆ ಬಿಡಿಸಿ ತಂದರು. ನೆಂಟರ ಮಕ್ಕಳ ಬೂಟು ಎರವಲು ತಂದರು. ಒಂದರ ಮೇಲೊಂದು ಉಣ್ಣೆ ಬನಿಯನ್ ತೊಡಿಸಿದರು. ಕೆಜಿಯಾಳೂ ಹಿಂದೆ ಬೀಳಲಿಲ್ಲ, ಮಕ್ಕಳ ಕೆನ್ನೆ ಕೆಂಪೇರುವವರೆಗೆ ಉಜ್ಜಿದಳು. ಸಾಲಾಗಿ ನಿಂತ ಮಕ್ಕಳನ್ನು ಕಂಡ ಸದಸ್ಯರೊಬ್ಬರು, "ಎಷ್ಟು ಲಕ್ಷಣವಾಗಿವೆ! ಇವಕ್ಕೆ ಯಾಕ್ರೀ ಧರ್ಮದ ಊಟ?" ಎಂದು ಹೊರಡಲು ಟೋಪಿ ಎತ್ತಿಕೊಂಡರು.

ಸುಮ್ಮನಿದ್ದರೆ ಅಡುಗೆಮನೆ ಹೋಯಿತು, ಬಾಯಿ ಬಿಟ್ಟರೆ ಓಣಿಯ ಹೆಂಗಸರ ಮಾನ ಹೋಯಿತು. ಕೆಜಿಯಾ ಡಾಕ್ಟರ ಕಡೆ ತಿರುಗಿ, "ಬೂಟು, ಬನಿಯನ್ ಬಿಚ್ಚಿಸಿ ತೂಕ ಮಾಡಿ ಡಾಕ್ಟ್ರೇ," ಎಂದಳು. ಬನಿಯನ್‌ಗಳು ಒಂದೊಂದಾಗಿ ಕಳಚಿದವು, ಕೊನೆಗೆ ಪಕ್ಕೆಲುಬುಗಳು ಕಂಡವು. ಬೂಟಿನೊಳಗೆ ತುರುಕಿದ್ದ ಚಿಂದಿ ನೆಲಕ್ಕೆ ಉದುರಿತು. ಸದಸ್ಯರು ಟೋಪಿಯನ್ನು ಮತ್ತೆ ಮೇಜಿನ ಮೇಲಿಟ್ಟರು.

ಅಡುಗೆಮನೆ ಮಂಜೂರಾಗಿದೆ, ಈಸ್ಟರ್ ಹಬ್ಬದ ನಂತರ ಕೆಲಸ ಶುರು. ಆದರೆ ಓಣಿ ಅವಳೊಡನೆ ಮಾತು ಬಿಟ್ಟಿತು. "ಮಕ್ಕಳ ಮೈ ಬಿಚ್ಚಿಸಿ ನಮ್ ಮರ್ಯಾದೆ ಹರಾಜು ಹಾಕಿದ್ಯಲ್ಲೇ, ನಿನಗೇನು ಬಂದಿತ್ತು ರೋಗ?" ಎಂದು ಸೆಲೀನಾ ನಲ್ಲಿಯ ಹತ್ತಿರ ಕೂಗಾಡಿದಳು. ಅವಳ ಕಿರಿಮಗಳೂ ಆ ಸಾಲಿನಲ್ಲಿದ್ದಳು. ಕೆಜಿಯಾ ಮನೆಗೆ ಬಂದು ಅತ್ತಳು. ಹೋದ ವಾರ ಅದೇ ಸೆಲೀನಾ ಚಾಕು ಹಿಡಿದು ಬಂದು ಸಾರಿನ ಈರುಳ್ಳಿ ಹೆಚ್ಚಲು ಕೂತಳು. "'ನಿನ್ ಹತ್ರ ಮಾತಾಡಲ್ಲ ಕಣೇ, ಬರೀ ಹೆಚ್ಚಿ ಹೋಗ್ತೀನಿ' ಅಂತ ಅವಳೇ ಮೊದ್ಲು ಮಾತಾಡಿದ್ಲು!" ಎಂದು ಕೆಜಿಯಾ ಹೊಟ್ಟೆ ಹಿಡಿದು ನಗುತ್ತಾಳೆ.

ಮಕ್ಕಳು ಬಟ್ಟಲು ಹಿಡಿದು ಬರತೊಡಗಿವೆ. ಗಂಜಿಯ ಮೇಲೆ ಒಂದೊಂದು ಚಮಚ ಸಿಹಿ ಕಾಕಂಬಿ ಪಾಕ ಬೀಳುತ್ತದೆ. ಇವರನ್ನು ತಿನ್ನಿಸಿ ಗಟ್ಟಿಮಾಡಿದರೆ ಮುಂದಿನ ಯುದ್ಧಕ್ಕೆ ಒಳ್ಳೆಯ ಸಿಪಾಯಿಗಳಾಗುತ್ತಾರೆ ಎಂದು ಪುರಸಭೆಯಲ್ಲಿ ಭಾಷಣವಾಯಿತಂತಲ್ಲ ಎಂದು ಕೇಳಿದರೆ ಕೆಜಿಯಾಳ ಸೌಟು ನಿಲ್ಲುತ್ತದೆ.

"ಬೆಳೀಲಿ, ಗುಂಡುಗುಂಡಗೆ ಬೆಳೀಲಿ," ಎನ್ನುತ್ತಾಳೆ. "ಆಮೇಲೆ ಸೈನ್ಯದವ್ರು ಕರ್ಕೊಂಡ್ ಹೋಗೋಕೆ ಬಂದ್ರೆ ಬಾಗಿಲಲ್ಲಿ ನಾನೇ ನಿಂತು ಹೇಳ್ತೀನಿ. ಮಕ್ಕಳು ಊಟಕ್ಕೆ ಕೂತಿವೆ, ಕಳಿಸೋಕಾಗಲ್ಲ ಅಂತ."