ಮೊಲದ ಕೆನ್ನೆಯ ಬೊಟ್ಟು

ಮಕ್ಕಳನ್ನು ಮಲಗಿಸುವ ದೀಪ ಮಾಡುವುದು ನನ್ನ ಕೆಲಸ. ಮೊಲದಾಕಾರದ ಹೊಸ ದೀಪವೊಂದು ಕತ್ತಲಾದರೆ ಜೋಗುಳ ಹಾಡಬೇಕು, ಬೆಳಕು ಕಂಡರೆ ಮಗುವನ್ನು ಎಬ್ಬಿಸಬೇಕು. ಪರೀಕ್ಷೆಗೆಂದು ಹರಿಹರದ ಒಂದು ಮನೆಗೆ ಒಯ್ದಿದ್ದೆ. ಲೈಟು ಆರಿಸಿದೆವು. ಜೋಗುಳಕ್ಕೆ ಆ ಮನೆಯ ಪುಟ್ಟಿಯ ಕಣ್ಣು ಎಳೆಯುತ್ತಿತ್ತು. ಅಷ್ಟರಲ್ಲಿ ಅವಳಜ್ಜಿ ಎಣ್ಣೆಬತ್ತಿ ಹಚ್ಚಿಕೊಂಡು ಬಂದು ಮೊಮ್ಮಗಳಿಗೆ ದೃಷ್ಟಿ ತೆಗೆಯತೊಡಗಿದರು.

“ಬೆಳಗಾಯ್ತು, ಏಳು ಕಂದಾ!” ಎಂದು ಮೊಲ ಕೂಗಿತು. ಪುಟ್ಟಿ ದಡಬಡಿಸಿ ಎದ್ದು ಕುಂತಳು.

“ಅಜ್ಜಿ, ಅದು ಬತ್ತಿ ಬೆಳಕಿಗೆ...” ಎಂದೆ.

“ನೀವು ಸುಮ್ನೆ ಕೂಡ್ರಿ. ಇದಕ್ಕೂ ದೃಷ್ಟಿ ಆಗೈತೆ.”

ಮೊಲಕ್ಕೂ ನಿವಾಳಿಸಿ, ಬತ್ತಿಯನ್ನು ಹೊರಗೆ ಹಾಕಿ ಬಂದರು. ಕತ್ತಲಾಯಿತು, ಜೋಗುಳ ಮತ್ತೆ ಶುರುವಾಯಿತು.

“ನೋಡ್ರಿ, ಬಿಡ್ತು!”

ದಾವಣಗೆರೆಗೆ ವಾಪಸು ಬಂದು ಚೀಲ ತೆರೆದರೆ ಮೊಲದ ಕೆನ್ನೆಗೊಂದು ಕಾಡಿಗೆ ಬೊಟ್ಟು. ಮರುದಿನ ಇನ್ನೊಂದು ಮನೆಯಲ್ಲಿ ಪರೀಕ್ಷೆ ಇತ್ತು. ಒರೆಸದೆ ಹಾಗೇ ಒಯ್ದೆ.